ಹೌಸಿಂಗ್ ಅಥಾರಿಟಿ ಬೋರ್ಡಿನಲ್ಲಿ ಬಾಡಿಗೆದಾರರ ಸ್ಥಾನ: ಅಮ್ಮ ಒಪ್ಪಿಕೊಳ್ಳಬಹುದಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಅಮ್ಮನಿಗೆ 69 ವರ್ಷ. ಇಲ್ಲಿನ ಹೌಸಿಂಗ್ ಅಥಾರಿಟಿ ಹಿರಿಯರಿಗಾಗಿ ಕಟ್ಟಿದ ಕಟ್ಟಡದಲ್ಲಿ ಬಾಡಿಗೆಗೆ ಇದ್ದಾರೆ. ಈಗ ಅಮೆರಿಕದ ಸಿಟಿಜನ್. ಮಂಡ್ಯ ಕಡೆಯ ನಮ್ಮ ಊರಿನ ಮಹಿಳಾ ಹಾಲು ಸಂಘದಲ್ಲಿ ನಿರ್ದೇಶಕಿ ಆಗಿದ್ದವರು. ಕಟ್ಟಡದ ಬಾಗಿಲ ಹತ್ತಿರ ಒಂದು ನೋಟಿಸ್ ಅಂಟಿಸಿದ್ದಾರೆ. ಬೋರ್ಡಿನಲ್ಲಿ 'ರೆಸಿಡೆಂಟ್ ಕಮಿಷನರ್' ಸ್ಥಾನ ಖಾಲಿ ಇದೆಯಂತೆ. ಅಕ್ಕಪಕ್ಕದ ಗುಜರಾತಿಗಳು, ಸ್ಪ್ಯಾನಿಷ್ ಮಾತಾಡುವ ಅಜ್ಜಿಯರು ಎಲ್ಲರೂ 'ನೀವೇ ಹೋಗಿ' ಅನ್ನುತ್ತಿದ್ದಾರೆ. ಅಮ್ಮನಿಗೆ ಆಸೆ, ನನಗೆ ಭಯ. ಏಳು ಜನರಲ್ಲಿ ಒಬ್ಬರಾಗಿ ಏನು ಮಾಡಲು ಸಾಧ್ಯ? ಆಫೀಸಿನವರ ವಿರುದ್ಧ ಮಾತಾಡಿದರೆ ಮನೆಗೇ ಕುತ್ತು ಬರುತ್ತದಾ? ಅವರ ಇಂಗ್ಲಿಷ್ ಬೇರೆ ಅಷ್ಟಕ್ಕಷ್ಟೆ. ನಾಳೆ ಲಿಫ್ಟ್ ಕೆಟ್ಟರೂ ಜನ ಅಮ್ಮನ ಬಾಗಿಲನ್ನೇ ತಟ್ಟುತ್ತಾರಲ್ವಾ?

ಉತ್ತರ: ಒಪ್ಪಿಕೊಳ್ಳಲಿ ಅಂತಲೇ ನನ್ನ ಸಲಹೆ. ಆದರೆ ಒಂದು ಷರತ್ತಿದೆ. ಅಮ್ಮ ಒಬ್ಬರೇ ಈ ಕೆಲಸಕ್ಕೆ ಇಳಿಯಬಾರದು. 'ನೀವೇ ಹೋಗಿ' ಅನ್ನುತ್ತಿರುವ ನೆರೆಯವರಲ್ಲಿ ನಾಲ್ಕೈದು ಜನ ಪ್ರತಿ ಮೀಟಿಂಗಿಗೂ ಮುಂಚೆ ಅವರ ಜೊತೆ ಕೂತು ಕಾಗದ ಓದುತ್ತೇವೆ ಅಂತ ಮಾತು ಕೊಡಬೇಕು. ಹಾಗೆ ಓದಿಕೊಂಡು ಹೋದ ಬಾಡಿಗೆದಾರರು ಬೋರ್ಡಿನಲ್ಲಿ ನಿಜವಾದ ಬದಲಾವಣೆ ತರುತ್ತಾರೆ. ಯಾರ ಬೆಂಬಲವೂ ಇಲ್ಲದೆ ಹೋದವರು ಕೆಲವೇ ತಿಂಗಳಲ್ಲಿ ಸುಸ್ತಾಗುತ್ತಾರೆ. ಬಾಡಿಗೆದಾರರ ಸಂಘಗಳ ಜೊತೆ ಕೆಲಸ ಮಾಡುತ್ತಾ ಎರಡನ್ನೂ ನೋಡಿದ್ದೇನೆ.

ಮೊದಲು ಈ ಸ್ಥಾನ ಎಲ್ಲಿಂದ ಬಂತು ಅಂತ ನೋಡೋಣ. ಅಮೆರಿಕದ ಸಾರ್ವಜನಿಕ ವಸತಿಯ ಮೂಲ ಕಾನೂನು 1937ರದು. ಕೇಂದ್ರ ಸರ್ಕಾರ ದುಡ್ಡು ಕೊಡುತ್ತದೆ. ಮನೆ ಕಟ್ಟಿ ನಡೆಸುವುದು ಸ್ಥಳೀಯ ಹೌಸಿಂಗ್ ಅಥಾರಿಟಿ. ದೇಶದಲ್ಲಿ ಇಂಥವು ಸುಮಾರು 3,300 ಇವೆ. ಬೋರ್ಡಿನಲ್ಲಿ ಯಾರಿರಬೇಕು ಅನ್ನುವುದು ದಶಕಗಳ ಕಾಲ ಮೇಯರ್ ಮತ್ತು ಊರಿನ ಕೌನ್ಸಿಲ್ ಇಷ್ಟಕ್ಕೆ ಬಿಟ್ಟ ಮಾತಾಗಿತ್ತು. ವಕೀಲರು, ವ್ಯಾಪಾರಿಗಳು, ಪಾದ್ರಿಗಳು ಕೂರುತ್ತಿದ್ದರು. ಆ ಮನೆಗಳಲ್ಲಿ ವಾಸ ಮಾಡುವವರು ಅಪರೂಪ.

ಕೇಳಿ ಕೇಳಿ ಸಾಕಾದ ಜನ ಹೋರಾಟಕ್ಕೆ ಇಳಿದರು. 1969ರಲ್ಲಿ ಸೇಂಟ್ ಲೂಯಿಸ್ ನಗರದ ಸಾರ್ವಜನಿಕ ವಸತಿಯ ಬಾಡಿಗೆದಾರರು ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಬಾಡಿಗೆ ಕಟ್ಟಲಿಲ್ಲ. ಮುಂದೆ ನಿಂತವರಲ್ಲಿ ಬಹುಪಾಲು ಕಪ್ಪು ಹೆಂಗಸರು, ಬಡ ತಾಯಂದಿರು. ಬಾಡಿಗೆ ಏರುತ್ತಲೇ ಇತ್ತು, ಮನೆಗಳು ಕುಸಿಯುತ್ತಿದ್ದವು. ಕೊನೆಗೆ ಒಪ್ಪಂದವಾಯಿತು. ಬಾಡಿಗೆಗೆ ಆದಾಯದ ಕಾಲು ಭಾಗದ ಮಿತಿ ಬಂತು, ಬೋರ್ಡ್ ಬದಲಾಯಿತು, ಆಡಳಿತದಲ್ಲಿ ಬಾಡಿಗೆದಾರರ ಮಾತಿಗೆ ಜಾಗ ಸಿಕ್ಕಿತು. ಅದೇ ವರ್ಷ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿಯಿಂದ ದೇಶಕ್ಕೆಲ್ಲ ಶೇಕಡಾ 25ರ ಮಿತಿ ಆಯಿತು. 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ನಿಮ್ಮ ಅಮ್ಮ ಇಂದು ಆದಾಯದ ಶೇಕಡಾ 30ರ ಲೆಕ್ಕದಲ್ಲಿ ಬಾಡಿಗೆ ಕಟ್ಟುತ್ತಿದ್ದರೆ, ಆ ಲೆಕ್ಕದ ಹಿಂದೆ ಆ ತಾಯಂದಿರ ಹೋರಾಟವೂ ಇದೆ. ಅವರಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ಬೋರ್ಡಿನಲ್ಲಿ ಬಾಡಿಗೆದಾರರು ಇರಲೇಬೇಕು ಅಂತ ದೇಶಕ್ಕೆಲ್ಲ ಕಾನೂನಾಗಿದ್ದು 1998ರಲ್ಲಿ. ಅಥಾರಿಟಿಯಿಂದ ನೇರ ನೆರವು ಪಡೆಯುವ ಒಬ್ಬರಾದರೂ ಬೋರ್ಡಿನ ಸದಸ್ಯರಾಗಿರಬೇಕು. ಬೋರ್ಡಿನವರೆಲ್ಲ ಪೂರ್ಣಾವಧಿ ಸಂಬಳದವರೇ ಆಗಿರಬೇಕು ಅನ್ನುವ ರಾಜ್ಯಗಳಿಗೆ ವಿನಾಯಿತಿ ಇದೆ. 300ಕ್ಕಿಂತ ಕಡಿಮೆ ಮನೆಗಳಿರುವ ಸಣ್ಣ ಅಥಾರಿಟಿಗೂ ಇದೆ. ಆದರೆ ಅವರು ಬಾಡಿಗೆದಾರರಿಗೆ ಮೊದಲೇ ತಿಳಿಸಿರಬೇಕು, ಆಮೇಲೂ ಯಾರೂ ಮುಂದೆ ಬಂದಿರಬಾರದು. ನಿಮ್ಮ ಕಟ್ಟಡದ ನೋಟಿಸಿಗೆ ಇದರಿಂದಾಗಿ ತೂಕ ಇದೆ. ಅಥಾರಿಟಿ ಸಣ್ಣದಾಗಿದ್ದು ಯಾರೂ ಉತ್ತರಿಸದಿದ್ದರೆ ಸ್ಥಾನ ಕಾನೂನುಬದ್ಧವಾಗಿಯೇ ಇಲ್ಲವಾಗಬಹುದು.

ಅರ್ಹತೆಯ ವಿಷಯ ಸರಳ. ಲೀಸ್ ಕಾಗದದಲ್ಲಿ, ಅಂದರೆ ಬಾಡಿಗೆ ಕರಾರಿನಲ್ಲಿ, ಅಮ್ಮನ ಹೆಸರಿರಬೇಕು, 18 ವರ್ಷ ದಾಟಿರಬೇಕು, ಅಥಾರಿಟಿಯ ನೇರ ನೆರವು ಇರಬೇಕು. ಇಂಗ್ಲಿಷ್ ಪರೀಕ್ಷೆ ಇಲ್ಲ, ಇಷ್ಟು ಓದಿರಬೇಕು ಅಂತಲೂ ಇಲ್ಲ.

ಆದರೆ ಒಂದು ಕಡೆ ಜನ ಎಡವುತ್ತಾರೆ. 'ನೇರ ನೆರವು' ಅಂದರೆ ಸಾರ್ವಜನಿಕ ವಸತಿಯ ಮನೆ, ಇಲ್ಲವೇ ನಾವು ಹೋದಲ್ಲಿಗೆ ನಮ್ಮ ಜೊತೆಗೇ ಬರುವ ಸೆಕ್ಷನ್ 8 ವೋಚರ್, ಅಂದರೆ ಖಾಸಗಿ ಮನೆಯ ಬಾಡಿಗೆಗೆ ಸರ್ಕಾರ ಕೊಡುವ ನೆರವು. ಕಟ್ಟಡಕ್ಕೆ ಅಂಟಿಕೊಂಡ ಸೆಕ್ಷನ್ 8 ನೆರವು ಇದರಲ್ಲಿ ಬರುವುದಿಲ್ಲ. 2012ರಿಂದ 'ರ್‍ಯಾಡ್' ಅನ್ನುವ ಯೋಜನೆಯಡಿ ಎಷ್ಟೋ ಹಳೆಯ ಸಾರ್ವಜನಿಕ ವಸತಿ ಕಟ್ಟಡಗಳು ಹೀಗೆ ಕಟ್ಟಡಕ್ಕೆ ಅಂಟಿಕೊಂಡ ನೆರವಿನ ಬಗೆಗೆ ಬದಲಾಗಿವೆ. ಹಿರಿಯರ ಕಟ್ಟಡಗಳೂ ಅದರಲ್ಲಿವೆ. ಒಳಗಿರುವವರಿಗೆ ಬದಲಾವಣೆ ಗೊತ್ತೇ ಆಗಿರುವುದಿಲ್ಲ. ಬಾಡಿಗೆ ಅಷ್ಟೇ, ಆಫೀಸೂ ಅದೇ. ಆದ್ದರಿಂದ ಮೊದಲು ಲೀಸ್ ತೆಗೆದು ನೋಡಿ. ಸಾರ್ವಜನಿಕ ವಸತಿ ಅಂತ ಇದೆಯಾ, ಸೆಕ್ಷನ್ 8 ಅಂತ ಇದೆಯಾ? ಆಮೇಲೆ ಆಫೀಸಿಗೆ ಒಂದು ಇಮೇಲ್ ಹಾಕಿ, 'ಈ ಮನೆಯಲ್ಲಿರುವವರು ರೆಸಿಡೆಂಟ್ ಕಮಿಷನರ್ ಸ್ಥಾನಕ್ಕೆ ಅರ್ಹರೇ?' ಅಂತ ಲಿಖಿತವಾಗಿ ಕೇಳಿ.

ಈಗ ಅಧಿಕಾರದ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ತಪ್ಪು ತಿಳಿವಳಿಕೆ ಜಾಸ್ತಿ ಇರುವುದು ಇಲ್ಲೇ.

ನ್ಯೂಜೆರ್ಸಿಯಲ್ಲಿ ಊರಿನ ಹೌಸಿಂಗ್ ಅಥಾರಿಟಿಗೆ ಏಳು ಕಮಿಷನರುಗಳು. ಐವರನ್ನು ಊರಿನ ಕೌನ್ಸಿಲ್ ನೇಮಿಸುತ್ತದೆ, ಒಬ್ಬರನ್ನು ಮೇಯರ್, ಇನ್ನೊಬ್ಬರನ್ನು ರಾಜ್ಯದ ಸಮುದಾಯ ವ್ಯವಹಾರಗಳ ಇಲಾಖೆಯ ಮುಖ್ಯಸ್ಥರು. ಅವಧಿ ಐದು ವರ್ಷ. ಸಂಬಳ ಇಲ್ಲ. ನಿಜವಾಗಿ ಆದ ಖರ್ಚನ್ನು ವಾಪಸ್ ಕೊಡುತ್ತಾರೆ. ರಾಜ್ಯ ನಿಗದಿ ಮಾಡಿದ ತರಬೇತಿ ಕೋರ್ಸುಗಳನ್ನು ಪ್ರತಿಯೊಬ್ಬ ಕಮಿಷನರೂ ಮುಗಿಸಲೇಬೇಕು. ಅಮ್ಮ ಅದನ್ನು ಹೊರೆ ಅಂದುಕೊಳ್ಳುವುದು ಬೇಡ. ಬಜೆಟ್ ಓದುವುದು, ಕಾನೂನಿನ ಮಿತಿಗಳು, ಎಲ್ಲವನ್ನೂ ಅಲ್ಲಿ ಹೇಳಿಕೊಡುತ್ತಾರೆ. ಉಳಿದ ಆರು ಜನರೂ ಅದೇ ಪಾಠಕ್ಕೆ ಕೂತು ಬಂದವರೇ.

ಬೋರ್ಡ್ ಮಾಡುವ ಕೆಲಸ ಏನು? ವರ್ಷದ ಬಜೆಟ್ ಒಪ್ಪುವುದು. ಕೇಂದ್ರ ವಸತಿ ಇಲಾಖೆಗೆ, ಅಂದರೆ ಎಲ್ಲರೂ 'ಹಡ್' ಅನ್ನುವ ಇಲಾಖೆಗೆ, ಕಳಿಸುವ ಐದು ವರ್ಷದ ಯೋಜನೆ ಮತ್ತು ವಾರ್ಷಿಕ ಯೋಜನೆಯನ್ನು ಒಪ್ಪುವುದು. ಯಾರಿಗೆ ಮೊದಲು ಮನೆ ಸಿಗಬೇಕು ಅನ್ನುವ ನಿಯಮ ಮಾಡುವುದು. ರಿಪೇರಿಗೆ ಬಾಡಿಗೆದಾರರಿಂದ ಎಷ್ಟು ವಸೂಲಿ ಮಾಡಬಹುದು, ಎಸಿ ಹಾಕಿಕೊಂಡರೆ ಕರೆಂಟಿಗೆ ಜಾಸ್ತಿ ಎಷ್ಟು, ನಾಯಿ ಬೆಕ್ಕು ಸಾಕಲು ಏನು ನಿಯಮ, ಇವೂ ಬೋರ್ಡಿನ ಮುಂದೆ ಬರುತ್ತವೆ. ದೊಡ್ಡ ಗುತ್ತಿಗೆಗಳು ಬರುತ್ತವೆ. ಕಟ್ಟಡ ಕೆಡವುವ, ಮಾರುವ, ರ್‍ಯಾಡ್‌ಗೆ ಬದಲಿಸುವ ತೀರ್ಮಾನಗಳೂ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಆಫೀಸಿನ ಮುಖ್ಯಸ್ಥರಾದ ಎಕ್ಸಿಕ್ಯೂಟಿವ್ ಡೈರೆಕ್ಟರನ್ನು ನೇಮಿಸುವುದೂ ತೆಗೆಯುವುದೂ ಬೋರ್ಡೇ.

ನಿಮ್ಮ ಅಮ್ಮನಿಗೆ ಇದು ಹೊಸದಲ್ಲ. ಹಾಲು ಸಂಘದಲ್ಲಿ ಕಾರ್ಯದರ್ಶಿ ದಿನದ ವ್ಯವಹಾರ ನೋಡುತ್ತಾರೆ, ನಿರ್ದೇಶಕರು ಠರಾವು ಪಾಸು ಮಾಡುತ್ತಾರೆ. ಇಲ್ಲೂ ಹಾಗೆಯೇ. ಕಾರ್ಯದರ್ಶಿ ಬರೆದು ತಂದ ನಡಾವಳಿಗೆ ಕಣ್ಣು ಹಾಯಿಸದೆ ಸಹಿ ಮಾಡುವ ನಿರ್ದೇಶಕಿ ಒಬ್ಬರು. ಜಮಾ-ಖರ್ಚಿನ ಪಟ್ಟಿ ಮೇಲೆ ಬೆರಳಿಟ್ಟು 'ಇದೇನು?' ಅಂತ ಕೇಳುವ ನಿರ್ದೇಶಕಿ ಇನ್ನೊಬ್ಬರು. ಸಂಘದಲ್ಲಿ ಎರಡನೆಯವರಿದ್ದರೆ ಕಾರ್ಯದರ್ಶಿ ಲೆಕ್ಕವನ್ನೇ ಬೇರೆ ಥರ ಬರೆದು ತರುತ್ತಾರೆ ಅಂತ ಅಮ್ಮನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೋರಂ, ಠರಾವು, ಹಿಂದಿನ ಸಭೆಯ ನಡಾವಳಿ ಓದುವುದು, ಆಡಿಟ್ ಆಕ್ಷೇಪಣೆ, ಇವೆಲ್ಲ ಇಲ್ಲೂ ಇವೆ. ಹೆಸರು ಮಾತ್ರ ಇಂಗ್ಲಿಷಿನಲ್ಲಿ.

ಹಾಗಾಗಿ ಏಳರಲ್ಲಿ ಒಂದು ಮತ ಅನ್ನುವ ನಿಮ್ಮ ಲೆಕ್ಕ ಸರಿ, ಆದರೆ ಪೂರ್ತಿ ಅಲ್ಲ. ಮತಕ್ಕೆ ಹಾಕಿದರೆ ಅಮ್ಮ ಆರು ಒಂದರಲ್ಲಿ ಸೋಲಬಹುದು. ಮತಕ್ಕೆ ಮುಂಚಿನ ಪ್ರಶ್ನೆಯಲ್ಲಿ ಮಾತ್ರ ಏಳಕ್ಕೆ ಏಳೂ ಸಮ. ಪ್ರಶ್ನೆ ನಡಾವಳಿಗೆ ಸೇರುತ್ತದೆ. ನ್ಯೂಜೆರ್ಸಿಯ 1975ರ ತೆರೆದ ಸಭೆಗಳ ಕಾನೂನಿನ ಪ್ರಕಾರ ಬೋರ್ಡ್ ಸಭೆಗೆ 48 ಗಂಟೆ ಮುಂಚೆ ಸಾರ್ವಜನಿಕ ಸೂಚನೆ ಕೊಡಬೇಕು, ಸಭೆ ಜನರ ಎದುರೇ ನಡೆಯಬೇಕು. ಸಿಬ್ಬಂದಿ ವಿಷಯ, ಕೋರ್ಟ್ ಕೇಸು, ಗುತ್ತಿಗೆ ಮಾತುಕತೆಯಂಥ ಕೆಲವಕ್ಕೆ ಮಾತ್ರ ಬಾಗಿಲು ಹಾಕಬಹುದು. ಎಲ್ಲರೆದುರು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಜಾರುವುದು ಕಷ್ಟ.

ಏಳಕ್ಕೆ ಒಂದು ಸಾಕು ಅಂತ ನಾನು ಹೇಳುತ್ತಿಲ್ಲ. ಸಾಲದು. ನ್ಯೂಯಾರ್ಕ್ ನಗರದ ಅಥಾರಿಟಿ ದೇಶದಲ್ಲೇ ದೊಡ್ಡದು. ಅಲ್ಲಿ 2013ರ ಬದಲಾವಣೆಯ ನಂತರ ಏಳರಲ್ಲಿ ಮೂರು ಸ್ಥಾನ ನಿವಾಸಿಗಳಿಗೆ. ಡೆನ್ಮಾರ್ಕಿನ ಸಾರ್ವಜನಿಕ ವಸತಿ ಸಂಸ್ಥೆಗಳಲ್ಲಿ ಬೋರ್ಡಿನ ಬಹುಮತವೇ ಬಾಡಿಗೆದಾರರದ್ದು. ಒಂದೊಂದು ವಸತಿ ಸಮುಚ್ಚಯದ ಬಜೆಟ್ಟನ್ನು ಅಲ್ಲಿನ ನಿವಾಸಿಗಳು ತಮ್ಮ ಸಭೆಯಲ್ಲಿ ಮತ ಹಾಕಿ ಒಪ್ಪುತ್ತಾರೆ. ಅಮೆರಿಕದ 1998ರ ಕಾನೂನು 'ಒಬ್ಬರಾದರೂ' ಅನ್ನುತ್ತದೆ. ಒಬ್ಬರೇ ಸಾಕು ಅನ್ನುವುದಿಲ್ಲ. ಎರಡನೆಯವರನ್ನೂ ನೇಮಿಸಿ ಅಂತ ಕೌನ್ಸಿಲಿಗೆ ಕೇಳಲು ಯಾವ ಅಡ್ಡಿಯೂ ಇಲ್ಲ. ನಿಮ್ಮ ಕಟ್ಟಡದವರು ಕೇಳಲಿ.

ಆದರೆ ಸಂಖ್ಯೆಯೊಂದೇ ಕಾಪಾಡುವುದಿಲ್ಲ. ಲಂಡನ್ನಿನ ಗ್ರೆನ್‌ಫೆಲ್ ಟವರ್ ನೆನಪಿದೆಯಾ? 24 ಮಹಡಿಯ ಸಾರ್ವಜನಿಕ ವಸತಿ ಕಟ್ಟಡ. 2017ರ ಜೂನ್ 14ರಂದು ಬೆಂಕಿ ಬಿದ್ದು 72 ಜನ ಸತ್ತರು. ಅದನ್ನು ನಡೆಸುತ್ತಿದ್ದುದು 'ಬಾಡಿಗೆದಾರರ ನಿರ್ವಹಣಾ ಸಂಸ್ಥೆ' ಅನ್ನುವ ಹೆಸರಿನದೇ ಒಂದು ಸಂಸ್ಥೆ. ಅದರ ಬೋರ್ಡಿನಲ್ಲಿ ನಿವಾಸಿಗಳಿಗೆ ಅರ್ಧಕ್ಕಿಂತ ಹೆಚ್ಚು ಸ್ಥಾನ ಇತ್ತು. ಆದರೂ ಗೋಡೆಗೆ ಹೊತ್ತಿ ಉರಿಯುವ ಹೊದಿಕೆ ಬಂತು. ಬೆಂಕಿಗೆ ಏಳು ತಿಂಗಳ ಹಿಂದೆಯೇ ನಿವಾಸಿಗಳ ಒಂದು ಗುಂಪು ದೊಡ್ಡ ಅನಾಹುತ ಆಗುತ್ತದೆ ಅಂತ ಎಚ್ಚರಿಸಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ವಿಚಾರಣಾ ಆಯೋಗದ ಅಂತಿಮ ವರದಿ ಬಂತು. ಆ ಸಂಸ್ಥೆಯ ಮುಖ್ಯ ಅಧಿಕಾರಿ ಅಗ್ನಿ ಸುರಕ್ಷತೆಯ ವಿಷಯಗಳನ್ನು ಮುಚ್ಚಿಡುತ್ತಾ ಬಂದಿದ್ದರು, ಅಗ್ನಿಶಾಮಕ ದಳದ ಆಕ್ಷೇಪಗಳು ಬೋರ್ಡಿಗೆ ಸರಿಯಾಗಿ ತಲುಪಲೇ ಇಲ್ಲ ಅಂತ ಅದರಲ್ಲಿದೆ. ನನಗೆ ಆ ವರದಿಯಲ್ಲಿ ಅತಿ ಹೆಚ್ಚು ಕಾಡುವ ಭಾಗ ಇದು. ಬೋರ್ಡಿನ ಅರ್ಧಕ್ಕಿಂತ ಹೆಚ್ಚು ಸದಸ್ಯರು ನಿವಾಸಿಗಳೇ ಆಗಿದ್ದರೂ ಅವರ ಮುಂದೆ ಬಂದದ್ದು ಆಫೀಸು ಸೋಸಿ ಕೊಟ್ಟ ಮಾಹಿತಿ.

ಇದರಿಂದ ನಿಮ್ಮ ಅಮ್ಮ ಕಲಿಯಬೇಕಾದ್ದು ತೀರಾ ಸಣ್ಣ ಕೆಲಸ. ಸಾರಾಂಶಕ್ಕೆ ಒಪ್ಪಬಾರದು, ಮೂಲ ಕಾಗದ ಕೇಳಬೇಕು. ಅಗ್ನಿಶಾಮಕ ದಳದವರು ಕೊಟ್ಟ ಕೊನೆಯ ನೋಟಿಸ್ ಎಲ್ಲಿ? ಲಿಫ್ಟ್ ತಪಾಸಣೆಯ ವರದಿ ಎಲ್ಲಿ? ಹಡ್‌ನವರು ಮಾಡಿದ ಕಟ್ಟಡ ತಪಾಸಣೆಯಲ್ಲಿ ಎಷ್ಟು ಅಂಕ ಬಂತು, ಯಾವುದಕ್ಕೆ ಕಳೆದರು? ಸ್ವತಂತ್ರ ಆಡಿಟರ್ ಏನು ಬರೆದಿದ್ದಾರೆ? 30 ದಿನಕ್ಕಿಂತ ಹಳೆಯ ರಿಪೇರಿ ದೂರುಗಳು ಎಷ್ಟು ಬಾಕಿ ಇವೆ? ಎಷ್ಟು ಮನೆ ಖಾಲಿ ಬಿದ್ದಿವೆ, ಒಂದೊಂದೂ ಎಷ್ಟು ದಿನದಿಂದ? ಈ ಐದಾರು ಪ್ರಶ್ನೆಗಳನ್ನು ಪ್ರತಿ ಸಭೆಯಲ್ಲೂ ತಪ್ಪದೆ, ಅದೇ ಸಮಾಧಾನದ ದನಿಯಲ್ಲಿ ಕೇಳಲಿ. ಮೊದಮೊದಲು ಉತ್ತರ ಸಿಗದಿರಬಹುದು. ಕೇಳುತ್ತಲೇ ಇದ್ದರೆ ಆಫೀಸು ಉತ್ತರ ತಯಾರು ಮಾಡಿಕೊಂಡೇ ಬರತೊಡಗುತ್ತದೆ.

ಸಭೆಯ ಕಾಗದಗಳ ಕಟ್ಟಿಗೆ ಇಲ್ಲಿ 'ಬೋರ್ಡ್ ಪ್ಯಾಕೆಟ್' ಅನ್ನುತ್ತಾರೆ. ಅದು ಸಭೆಯ ಹಿಂದಿನ ಸಂಜೆ ಕೈಗೆ ಬಂದರೆ ಪ್ರಯೋಜನ ಇಲ್ಲ. ನಾಲ್ಕೈದು ದಿನ ಮುಂಚೆ ಬೇಕು ಅಂತ ಅಮ್ಮ ಮೊದಲ ಸಭೆಯಲ್ಲೇ ಕೇಳಲಿ. ಇಂಗ್ಲಿಷಿನ ತೊಂದರೆ ಇರುವುದು ಇಲ್ಲಿ, ಸಭೆಯ ಮಾತಿನಲ್ಲಲ್ಲ. ಪ್ರಶ್ನೆ ಕೇಳಲು ಅಮ್ಮನ ಇಂಗ್ಲಿಷ್ ಸಾಕು. ಐವತ್ತು ಅರವತ್ತು ಪುಟದ ಕಟ್ಟು ಓದಲು ಸಾಲದಿರಬಹುದು. ನೀವು ಒಂದು ಸಂಜೆ ಕೂತು ಓದಿಕೊಡಿ. ಮುಚ್ಚಿದ ಸಭೆಯ ಕಾಗದಗಳನ್ನು ಮಾತ್ರ ನೀವೂ ನೋಡಬಾರದು, ನೆರೆಯವರೂ ನೋಡಬಾರದು. ಈ ಗೆರೆ ದಾಟಿದರೆ ಅಮ್ಮನ ಮೇಲೆ ಬೆರಳು ತೋರಿಸಲು ಸುಲಭದ ನೆಪ ಸಿಗುತ್ತದೆ. ಅವರಿಗೆ ಅರ್ಥವಾಗದ್ದಿದ್ದರೆ ಸಭೆಯಲ್ಲೇ 'ಇನ್ನೊಮ್ಮೆ ನಿಧಾನ ಹೇಳಿ' ಅನ್ನಲಿ. ಎಷ್ಟೋ ಸಲ ಉಳಿದ ಕಮಿಷನರುಗಳಿಗೂ ಅರ್ಥವಾಗಿರುವುದಿಲ್ಲ, ಕೇಳಲು ಸಂಕೋಚ ಅಷ್ಟೇ.

ಇನ್ನು ನಿಮ್ಮ ದೊಡ್ಡ ಭಯ. ಮನೆಗೆ ಕುತ್ತು ಬರುತ್ತದಾ?

ಈ ಭಯಕ್ಕೆ ಕಾರಣ ಇದೆ, ಇಲ್ಲ ಅನ್ನುವುದಿಲ್ಲ. 1965ರ ಆಗಸ್ಟ್ 10ರಂದು ನಾರ್ತ್ ಕರೋಲಿನಾದ ಡರ್ಹಮ್ ಊರಲ್ಲಿ, ಮೆಕ್‌ಡೂಗಲ್ಡ್ ಟೆರೇಸ್ ಅನ್ನುವ ಸಾರ್ವಜನಿಕ ವಸತಿಯಲ್ಲಿ, ಜಾಯ್ಸ್ ಥಾರ್ಪ್ ಅನ್ನುವ ಹೆಂಗಸು ಬಾಡಿಗೆದಾರರ ಸಂಘದ ಅಧ್ಯಕ್ಷೆಯಾಗಿ ಆರಿಸಿ ಬಂದರು. ಮರುದಿನವೇ ಮನೆ ಖಾಲಿ ಮಾಡಿ ಅಂತ ಅಥಾರಿಟಿಯಿಂದ ನೋಟಿಸ್ ಬಂತು. ಕಾರಣ ಕೇಳಿದರೆ ಹೇಳಲಿಲ್ಲ. ತಿಂಗಳ ಬಾಡಿಗೆ ಕರಾರು, ಕಾರಣ ಹೇಳಬೇಕಿಲ್ಲ ಅಂದರು. ಥಾರ್ಪ್ ಮನೆ ಬಿಡಲಿಲ್ಲ, ಕೋರ್ಟಿಗೆ ಹೋದರು. ಕೇಸು ಎರಡು ಸಲ ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. ಆ ನಡುವೆ, 1967ರ ಫೆಬ್ರವರಿಯಲ್ಲಿ, ಹಡ್ ಒಂದು ಸುತ್ತೋಲೆ ಹೊರಡಿಸಿತು. ತೆರವಿನ ನೋಟಿಸ್ ಕೊಡುವ ಮುಂಚೆ ಬಾಡಿಗೆದಾರರಿಗೆ ಕಾರಣ ಹೇಳಬೇಕು, ಅವರ ಉತ್ತರ ಕೇಳಬೇಕು. 1969ರಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿದು ಥಾರ್ಪ್ ಅವರ ಮನೆಗೂ ಅದು ಅನ್ವಯ ಅಂದಿತು.

ಆ ಕಾಲ ಈಗಿಲ್ಲ. ಇಂದು ಸಾರ್ವಜನಿಕ ವಸತಿಯ ಲೀಸನ್ನು ಅಥಾರಿಟಿ ತನ್ನ ಇಷ್ಟಕ್ಕೆ ಮುರಿಯಲು ಆಗುವುದಿಲ್ಲ. ಗಂಭೀರವಾದ ಅಥವಾ ಪದೇ ಪದೇ ಮಾಡಿದ ಕರಾರು ಉಲ್ಲಂಘನೆ, ಇಲ್ಲವೇ ಬೇರೆ ಸರಿಯಾದ ಕಾರಣ ಬೇಕು. ಕಾರಣವನ್ನು ಬರೆದು ಕೊಡಬೇಕು. ತಕರಾರಿದ್ದರೆ ಮೊದಲು ಆಫೀಸಿನಲ್ಲಿ ಮಾತುಕತೆ, ಆಮೇಲೆ ಕುಂದುಕೊರತೆ ವಿಚಾರಣೆ ಅನ್ನುವ ದಾರಿ ಇದೆ. ನ್ಯೂಜೆರ್ಸಿಯಲ್ಲಿ ಇದರ ಮೇಲೆ 1974ರ ತೆರವು ತಡೆ ಕಾನೂನೂ ಇದೆ. ಸಂಘ ಕಟ್ಟಿದ್ದಕ್ಕೆ, ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳುವ ತೆರವಿಗೆ ಪ್ರತ್ಯೇಕ ಕಾನೂನಿನ ತಡೆಯೂ ಇದೆ. ದುಡ್ಡಿಲ್ಲದವರಿಗೆ ಲೀಗಲ್ ಸರ್ವಿಸಸ್ ಆಫ್ ನ್ಯೂಜೆರ್ಸಿ ಉಚಿತ ಕಾನೂನು ನೆರವು ಕೊಡುತ್ತದೆ.

ಆದರೂ ಅಮ್ಮ ತಮ್ಮ ಕಡೆಯಿಂದ ಬಿಗಿಯಾಗಿರಲಿ. ಬಾಡಿಗೆ ಒಂದು ದಿನವೂ ತಡ ಆಗಬಾರದು. ವರ್ಷದ ಆದಾಯ ಪರಿಶೀಲನೆಗೆ ಎಲ್ಲ ಕಾಗದ ಸಮಯಕ್ಕೆ ಕೊಡಬೇಕು. ಊರಿನ ಜಮೀನು, ಬ್ಯಾಂಕಿನ ಡಿಪಾಸಿಟ್ ಏನಿದ್ದರೂ ಘೋಷಿಸಿರಬೇಕು. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಎಷ್ಟೋ ಹಿರಿಯರು ಊರಿನ ಆಸ್ತಿ ಇಲ್ಲಿಗೆ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದಾರೆ. ಲೆಕ್ಕಕ್ಕಿದೆ. ನೀವು ಬೇರೆ ಮನೆಯಲ್ಲಿದ್ದು, ವಾರಗಟ್ಟಲೆ ಅಮ್ಮನಲ್ಲಿ ಉಳಿಯುವವರಾದರೆ ಅತಿಥಿಗಳ ನಿಯಮವನ್ನೂ ಒಮ್ಮೆ ಓದಿ. ಸಾರ್ವಜನಿಕ ಹುದ್ದೆ ಆದ್ದರಿಂದ ಹಣಕಾಸಿನ ವಿವರ ಕೊಡುವ ಫಾರ್ಮನ್ನೂ ಕಮಿಷನರುಗಳು ತುಂಬಬೇಕಾಗುತ್ತದೆ. ಎರಡು ಕಡೆಯ ಲೆಕ್ಕ ಒಂದಕ್ಕೊಂದು ತಾಳೆಯಾಗಬೇಕು.

ಇನ್ನೊಂದು ಬಲೆ ಇದೆ. 'ಬಾಡಿಗೆ ವಿಷಯದಲ್ಲಿ ನಿಮಗೆ ಸ್ವಂತ ಹಿತಾಸಕ್ತಿ ಇದೆ, ನೀವು ಮತ ಹಾಕುವಂತಿಲ್ಲ' ಅಂತ ಯಾರಾದರೂ ಹೇಳಬಹುದು. ಅದು ತಪ್ಪು. ಹಡ್‌ನ ನಿಯಮ ಸ್ಪಷ್ಟವಾಗಿದೆ. ಎಲ್ಲ ಬಾಡಿಗೆದಾರರಿಗೂ ಅಥವಾ ಅವರಲ್ಲಿ ಒಂದು ಗುಂಪಿಗೂ ಅನ್ವಯಿಸುವ ವಿಷಯದಲ್ಲಿ ರೆಸಿಡೆಂಟ್ ಕಮಿಷನರ್ ಪೂರ್ತಿ ಭಾಗವಹಿಸಬಹುದು, ಮತ ಹಾಕಬಹುದು. ಅಮ್ಮನೊಬ್ಬರಿಗೇ ಸಂಬಂಧಿಸಿದ ಮಾತು ಬಂದರೆ, ಉದಾಹರಣೆಗೆ ಅವರ ಮನೆಯದೇ ಯಾವುದೋ ದೂರು, ಆಗ ಮಾತ್ರ ದೂರ ಇರಬೇಕು. ಈ ನಿಯಮ ಇರುವುದು ಕೇಂದ್ರ ನಿಯಮಾವಳಿಯ 24ನೇ ಶೀರ್ಷಿಕೆಯ (ಟೈಟಲ್) 964ನೇ ಭಾಗದಲ್ಲಿ (ಪಾರ್ಟ್). ಅದರ ಪ್ರತಿ ಅಮ್ಮನ ಚೀಲದಲ್ಲಿರಲಿ.

ಲಿಫ್ಟಿನ ಪ್ರಶ್ನೆಗೆ ಬರೋಣ. ಹೌದು, ಜನ ಬಾಗಿಲು ತಟ್ಟುತ್ತಾರೆ. ರಾತ್ರಿ ಹೀಟರ್ ನಿಂತರೂ ತಟ್ಟುತ್ತಾರೆ. ಅಮ್ಮ ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಲಿ. ಒಂದು ಮನೆಯ ರಿಪೇರಿಗೆ ದೂರು ಆಫೀಸಿಗೇ ಕೊಡಬೇಕು, ದೂರಿನ ನಂಬರ್ ಬರೆದಿಟ್ಟುಕೊಳ್ಳಬೇಕು. ಕಮಿಷನರ್ ಕೆಲಸಗಾರರಿಗೆ ಫೋನ್ ಮಾಡಿ 'ಆ ಮನೆಗೆ ಹೋಗಿ' ಅನ್ನುವಂತಿಲ್ಲ, ಅದು ಸಿಬ್ಬಂದಿ ಆಡಳಿತದಲ್ಲಿ ಕೈಹಾಕಿದಂತೆ. ಆದರೆ ಆ ನಂಬರುಗಳು ಒಂದೆಡೆ ಸೇರಿದರೆ ಬೇರೆಯೇ ಬಲ ಬರುತ್ತದೆ. ಚಳಿಗಾಲದಲ್ಲಿ ಹೀಟರಿನ ದೂರು ಇಷ್ಟು, ಸರಿಯಾಗಲು ಹಿಡಿದದ್ದು ಇಷ್ಟು ದಿನ ಅಂತ ಅಮ್ಮ ಬೋರ್ಡಿನ ಮುಂದೆ ಇಟ್ಟರೆ, ಅದು ಬಾಯ್ಲರ್ ಬದಲಿಸಲು ದುಡ್ಡು ಇಡುವ ಪ್ರಶ್ನೆಯಾಗುತ್ತದೆ. ದೊಡ್ಡ ದುರಸ್ತಿಗೆ ಹಡ್ ಪ್ರತಿ ವರ್ಷ ಬೇರೆ ನಿಧಿ ಕೊಡುತ್ತದೆ, 'ಕ್ಯಾಪಿಟಲ್ ಫಂಡ್' ಅಂತ. ಅದನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವ ಪಟ್ಟಿ ಬೋರ್ಡಿನ ಮುಂದೆ ಬರುತ್ತದೆ. ಬಾಯ್ಲರ್ ಮೊದಲಾ, ಆಫೀಸಿನ ಹೊಸ ಪಾರ್ಕಿಂಗ್ ಮೊದಲಾ ಅಂತ ತೀರ್ಮಾನ ಆಗುವುದು ಅಲ್ಲೇ.

ಈ ನಂಬರುಗಳನ್ನು ಸೇರಿಸುವವರು ಯಾರು? ಅಮ್ಮ ಅಲ್ಲ. ಕಟ್ಟಡದ ರೆಸಿಡೆಂಟ್ ಕೌನ್ಸಿಲ್, ಅಂದರೆ ಬಾಡಿಗೆದಾರರ ಸಂಘ. ಇದೆಯಾ ನಿಮ್ಮಲ್ಲಿ? ಇಲ್ಲದಿದ್ದರೆ ಕಟ್ಟಬೇಕು, ಇದ್ದೂ ಮಲಗಿದ್ದರೆ ಎಬ್ಬಿಸಬೇಕು. ಕನಿಷ್ಠ ಮೂರು ವರ್ಷಕ್ಕೊಮ್ಮೆ ಚುನಾವಣೆ ನಡೆಸುವ, ಹಡ್ ನಿಯಮದಂತೆ ಮಾನ್ಯತೆ ಪಡೆದ ಕೌನ್ಸಿಲಿಗೆ ದುಡ್ಡೂ ಇದೆ. ಬಾಡಿಗೆದಾರರ ಭಾಗವಹಿಸುವಿಕೆಗೆ ಅಂತ ವಾಸವಿರುವ ಮನೆಯೊಂದಕ್ಕೆ ವರ್ಷಕ್ಕೆ 25 ಡಾಲರ್ ಲೆಕ್ಕ ಇದೆ. ಅದರಲ್ಲಿ 15 ಡಾಲರ್ ಕೌನ್ಸಿಲಿನ ಕೆಲಸಕ್ಕೆ. 120 ಮನೆಗಳ ಕಟ್ಟಡ ಅಂದರೆ ವರ್ಷಕ್ಕೆ 1,800 ಡಾಲರ್. ಭಾಷಾಂತರ ಮಾಡಿಸಲು, ಪ್ರತಿ ತೆಗೆಸಲು, ತರಬೇತಿಗೆ ಕಳಿಸಲು ಇದು ಸಣ್ಣ ಮೊತ್ತವಲ್ಲ. ಎಷ್ಟೋ ಕಟ್ಟಡಗಳಲ್ಲಿ ಈ ದುಡ್ಡು ಇದೆ ಅಂತಲೇ ಯಾರಿಗೂ ಗೊತ್ತಿಲ್ಲ. ನನಗೆ ತುಂಬಾ ಬೇಸರ ತರಿಸುವ ಸಂಗತಿ ಇದು. ಅಮ್ಮ ಬೋರ್ಡಿಗೆ ಹೋದರೆ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದಾಗಲಿ.

ಕೌನ್ಸಿಲ್ ಜೊತೆಗೆ 'ರೆಸಿಡೆಂಟ್ ಅಡ್ವೈಸರಿ ಬೋರ್ಡ್' ಅಂತ ಇನ್ನೊಂದಿದೆ. ಹೆಸರು ಕೇಳಿ ಗೊಂದಲ ಆಗಬಹುದು. ಇದು ಸಲಹಾ ಸಮಿತಿ, ಮತ ಇಲ್ಲ. ಆದರೆ ವಾರ್ಷಿಕ ಯೋಜನೆ ತಯಾರಿಸುವಾಗ ಅಥಾರಿಟಿ ಇದರ ಅಭಿಪ್ರಾಯ ಕೇಳಲೇಬೇಕು. ಆ ಸಲಹೆಗಳನ್ನೂ ಅವುಗಳ ಬಗ್ಗೆ ತಾನು ಏನು ತೀರ್ಮಾನಿಸಿತು ಅನ್ನುವುದನ್ನೂ ಯೋಜನೆಗೆ ಸೇರಿಸಿ ಹಡ್‌ಗೆ ಕಳಿಸಬೇಕು. ಸಾರ್ವಜನಿಕ ವಿಚಾರಣೆಗೆ 45 ದಿನ ಮುಂಚೆ ಕರಡು ಜನರಿಗೆ ಸಿಗಬೇಕು. ಲೀಸಿನ ಕರಾರು, ಕಟ್ಟಡದ ನಿಯಮ, ವಸೂಲಿ ದರ ಬದಲಿಸುವುದಾದರೆ ಬಾಡಿಗೆದಾರರಿಗೆ 30 ದಿನದ ಅವಕಾಶ ಕೊಡಬೇಕು. ಅಂದರೆ ನೆರೆಯ ಗುಜರಾತಿ ದಂಪತಿ ಸಲಹಾ ಸಮಿತಿಯಲ್ಲಿದ್ದು, ಸ್ಪ್ಯಾನಿಷ್ ಅಜ್ಜಿ ಕೌನ್ಸಿಲಿನಲ್ಲಿದ್ದು, ಅಮ್ಮ ಬೋರ್ಡಿನಲ್ಲಿದ್ದರೆ, ಒಂದೇ ಮಾತು ಮೂರು ದಾರಿಯಿಂದ ಬೋರ್ಡಿನ ಮೇಜಿಗೆ ಬರುತ್ತದೆ. ಆಗ ಏಳರಲ್ಲಿ ಒಬ್ಬರಾಗಿದ್ದರೂ ಅಮ್ಮ ಒಂಟಿ ಅಲ್ಲ.

ಹೊರೆ ಜಾಸ್ತಿ ಅನಿಸಿದರೆ ಮೊದಲ ವರ್ಷ ಅಮ್ಮನೇ ಸಲಹಾ ಸಮಿತಿಗೆ ಸೇರಿ, ಬೋರ್ಡಿಗೆ ಬೇರೆಯವರನ್ನು ಕಳಿಸಬಹುದು. ಅದೂ ಒಳ್ಳೆಯ ದಾರಿಯೇ. ಆದರೆ ನೋಟಿಸಿಗೆ ಯಾರಾದರೊಬ್ಬರು ಉತ್ತರಿಸಲೇಬೇಕು.

ಈಗ ಮಾಡಬೇಕಾದ್ದು ಇಷ್ಟು. ನೋಟಿಸಿನ ಫೋಟೋ ತೆಗೆದಿಟ್ಟುಕೊಳ್ಳಿ, ಕೊನೆಯ ದಿನಾಂಕ ನೋಡಿ. ಲೀಸ್ ಪರಿಶೀಲಿಸಿ. ಕಳೆದ ಒಂದು ವರ್ಷದ ಬೋರ್ಡ್ ನಡಾವಳಿಗಳನ್ನು ಕೇಳಿ ಪಡೆಯಿರಿ. ಅವು ಸಾರ್ವಜನಿಕ ದಾಖಲೆ, ಯಾಕೆ ಬೇಕು ಅಂತ ನೀವು ಹೇಳಬೇಕಿಲ್ಲ. ಅರ್ಜಿ ಹಾಕುವ ಮುಂಚೆ ಅಮ್ಮ ಒಂದು ಸಭೆಗೆ ಹೋಗಿ ಹಿಂದೆ ಕೂತು ನೋಡಿ ಬರಲಿ. ಯಾರು ಮಾತಾಡುತ್ತಾರೆ, ಯಾರು ಬರೀ ಕೈ ಎತ್ತುತ್ತಾರೆ ಅಂತ ಹಾಲು ಸಂಘದಲ್ಲಿ ಕೂತ ಕಣ್ಣಿಗೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಬಾಡಿಗೆದಾರರೇ ಚುನಾಯಿಸುವ ಪದ್ಧತಿ ಅಥಾರಿಟಿಯ ಯೋಜನೆಯಲ್ಲಿದ್ದರೆ ನಾಮಪತ್ರಕ್ಕೂ ಚುನಾವಣೆಗೂ 30 ದಿನದ ಸೂಚನೆ ಕೊಟ್ಟಿರಬೇಕು. ಇಲ್ಲದಿದ್ದರೆ ಅರ್ಜಿಯ ಒಂದು ಪ್ರತಿ ಟೌನ್ ಕ್ಲರ್ಕ್‌ಗೆ ಹೋಗಲಿ, ಇನ್ನೊಂದು ಅಥಾರಿಟಿಗೆ. ಜೊತೆಗೆ ಕಟ್ಟಡದವರ ಸಹಿ ಇರುವ ಪತ್ರ ಇಡಿ, ಗುಜರಾತಿ ಸಹಿಯೂ ಇರಲಿ, ಸ್ಪ್ಯಾನಿಷ್ ಹೆಸರುಗಳೂ ಇರಲಿ. ಊರಿನ ಕೌನ್ಸಿಲ್ ಸದಸ್ಯರಿಗೆ ವೋಟಿನ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಅರ್ಜಿಯಲ್ಲಿ ಹಾಲು ಸಂಘದ ಅನುಭವವನ್ನು ತಪ್ಪದೆ ಬರೆಯಿರಿ, ಯಾವ ವರ್ಷದಿಂದ ಯಾವ ವರ್ಷ, ಎಷ್ಟು ಸದಸ್ಯರ ಸಂಘ ಅನ್ನುವುದರ ಸಮೇತ.